ಬಿಸಿಲೇ ಬೀಳದ ಕಡೆ ಹವಳ ಹೇಗೆ?

ಹೊನ್ನಾವರದ ಓದುಗರೊಬ್ಬರ ಪತ್ರ: "ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಹತ್ತಿರ, ಸಮುದ್ರದ ಆಳದಲ್ಲಿ ಹವಳದ ದಿಬ್ಬ ಸಿಕ್ಕಿದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹವಳಕ್ಕೆ ಬಿಸಿಲು ಬೇಕೇ ಬೇಕು ಅಂತ ನಾನು ಮಕ್ಕಳಿಗೆ ಪಾಠ ಮಾಡುತ್ತಾ ಬಂದಿದ್ದೇನೆ. ಅದು ತಪ್ಪಾ? ಅಷ್ಟು ಆಳಕ್ಕೆ ಇಳಿದು ನೋಡುವುದಾದರೂ ಯಾಕೆ?"

ಮೇಷ್ಟ್ರೇ, ನಿಮ್ಮ ಪಾಠ ತಪ್ಪಲ್ಲ. ನಾವೇ ಅರ್ಧ ಬರೆದು ಬಿಟ್ಟೆವು, ಕ್ಷಮಿಸಿ. ಲಕ್ಷದ್ವೀಪದಂಥ ಕಡೆ, ಮೇಲು ನೀರಿನಲ್ಲಿ ಬೆಳೆಯುವ ಹವಳ ಮೈಯೊಳಗೆ ಪಾಚಿ ಸಾಕಿಕೊಂಡಿರುತ್ತದೆ. ಬಿಸಿಲು ಬೇಕಾದದ್ದು ಆ ಪಾಚಿಗೆ. ಅದು ಮಾಡಿದ ಅಡುಗೆಯಲ್ಲಿ ಹವಳಕ್ಕೂ ಪಾಲು. ಆಳದ ಹವಳಕ್ಕೆ ಪಾಚಿಯ ಹಂಗಿಲ್ಲ. ಹವಳ ಪ್ರಾಣಿ ಅಲ್ವಾ, ತಾನೇ ಹಿಡಿದು ತಿನ್ನುತ್ತದೆ. ಒಂದೊಂದು ಪುಟ್ಟ ಬಾಯಿಯ ಸುತ್ತ ಹೂವಿನ ಎಸಳಿನಂಥ ತೋಳುಗಳಿರುತ್ತವೆ. ತೇಲಿಬರುವ ಪ್ಲಾಂಕ್ಟನ್ ಎಂಬ ಪುಟಾಣಿ ಜೀವಿಗಳು, ಮೇಲಿನಿಂದ ಉದುರುವ ಚೂರುಪಾರು, ಸಿಕ್ಕಿದ್ದೆಲ್ಲ ಊಟ.

ಅದಕ್ಕೇ ಅದು ಬೆಟ್ಟ ಹುಡುಕುವುದು. ಸಮುದ್ರದ ತಳದಿಂದ ಎದ್ದ ಬೆಟ್ಟಕ್ಕೆ ಹರಿವ ನೀರು ಬಡಿದು, ಮೇಲೇರಿ, ನೆತ್ತಿಯ ಹತ್ತಿರ ಜೋರಾಗುತ್ತದೆ. ಕೂತಲ್ಲಿಗೇ ಊಟ ಬರುತ್ತದೆ. ಹೂಳು ಜಾಸ್ತಿ ನಿಲ್ಲುವುದಿಲ್ಲ, ಕಚ್ಚಿಕೊಳ್ಳಲು ಗಟ್ಟಿ ಬಂಡೆ ಸಿಗುತ್ತದೆ.

ಗಲಾಪಗೋಸ್‌ನಲ್ಲಿ ಆದದ್ದೂ ಇದೇ. 2023ರ ಏಪ್ರಿಲ್‌ನಲ್ಲಿ 'ಆಲ್ವಿನ್' ಎಂಬ ಮೂವರು ಕೂರುವ ಜಲಾಂತರ್ಗಾಮಿ ನೌಕೆಯಲ್ಲಿ ವಿಜ್ಞಾನಿಗಳಾದ ಮಿಷೆಲ್ ಟೇಲರ್ ಮತ್ತು ಸ್ಟುವರ್ಟ್ ಬ್ಯಾಂಕ್ಸ್ ಇಳಿದರು. ನಕ್ಷೆಯಲ್ಲೇ ಇಲ್ಲದಿದ್ದ ಮುಳುಗಿದ ಜ್ವಾಲಾಮುಖಿ ಅದು. 400ರಿಂದ 600 ಮೀಟರ್ ಆಳದಲ್ಲಿ, ಅದರ ಏಣಿನ ಮೇಲೆ, ಕಿಲೋಮೀಟರ್‌ಗಟ್ಟಲೆ ಹವಳ. ಎಷ್ಟೋ ಕಡೆ ಅರ್ಧಕ್ಕಿಂತ ಜಾಸ್ತಿ ಜೀವಂತ! ದೀಪದ ಬೆಳಕಿನಲ್ಲಿ ಗುಲಾಬಿ ಬಣ್ಣದ ಆಕ್ಟೋಪಸ್, ಶಾರ್ಕ್, ತೊರಕೆ ಮೀನು ಕಂಡವು.

ಯಾಕೆ ನೋಡಬೇಕು ಎಂದಿರಿ. ಈ ಹವಳ ಬಹಳ ನಿಧಾನ ಬೆಳೆಯುತ್ತದೆ. ಹವಾಯಿ ಹತ್ತಿರದ ಆಳದಲ್ಲಿ ಸಿಕ್ಕ ಒಂದು ಕಪ್ಪು ಹವಳಕ್ಕೆ ಸುಮಾರು 4,265 ವರ್ಷ ವಯಸ್ಸು. ತಳ ಗೀಚುವ ಬಲೆ ಒಂದೇ ಸಲ ಹಾದರೂ ಅಂಥದ್ದು ಪುಡಿಯಾಗುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದಕ್ಷಿಣಕ್ಕೆ ಇಂಥ ಬೆಟ್ಟಗಳ ಮೇಲೆ ಆರೆಂಜ್ ರಫಿ ಮೀನಿಗಾಗಿ ಬಲೆ ಎಳೆದರು. ಬಲೆ ನಿಲ್ಲಿಸಿ ವರ್ಷಗಳಾದ ಮೇಲೆ ಹೋಗಿ ನೋಡಿದರೂ ಕಂಡದ್ದು ಬೋಳು ಬಂಡೆಯೇ. ಎಲ್ಲಿ ಏನಿದೆ ಅಂತ ಮೊದಲೇ ಗೊತ್ತಿದ್ದರೆ ಮಾತ್ರ "ಇಲ್ಲಿ ಬಲೆ ಬೇಡ" ಎಂದು ಗೆರೆ ಎಳೆಯಬಹುದು.

ಅಂದ ಹಾಗೆ, ನಿಮ್ಮ ಊರಿನ ಮುಂದಿರುವ ಅರಬ್ಬಿ ಸಮುದ್ರದ ಆಳದಲ್ಲೂ ಬೆಟ್ಟಗಳಿವೆ. ಒಂದಕ್ಕೆ ನಮ್ಮ ಬೆಂಗಳೂರಿನಲ್ಲಿ ಬಾಳಿದ ಸಿ.ವಿ. ರಾಮನ್ ಅವರ ಹೆಸರಿದೆ. ಬೋರ್ಡಿನ ಮೇಲೆ ಸಮುದ್ರ ಬರೆಯುವಾಗ ಅದನ್ನೂ ಬರೆದು ತೋರಿಸಿ.