2 ಕೋಟಿ ಬೇರೆ, ಠೇವಣಿ ವಿಮೆ ಬೇರೆ

ಬ್ಯಾಂಕಿಂಗ್ ಕಾನೂನಿನಲ್ಲಿ ಮಿತಿ 5 ಲಕ್ಷದಿಂದ 2 ಕೋಟಿಗೆ ಏರಿತಲ್ಲ, ಸಹಕಾರಿ ಬ್ಯಾಂಕಿನಲ್ಲಿರುವ ನಿಮ್ಮ ತಂದೆಯವರ ಎಫ್‌ಡಿಗೂ ಅಷ್ಟು ವಿಮೆ ಸಿಗುತ್ತಾ ಅಂತ ಕೇಳಿದ್ದೀರಿ. ಇಲ್ಲ ಸರ್. 2025ರ ಬ್ಯಾಂಕಿಂಗ್ ಕಾನೂನು ತಿದ್ದುಪಡಿಯಲ್ಲಿ ಬದಲಾಗಿದ್ದು ‘ಗಣನೀಯ ಹಿತಾಸಕ್ತಿ’ಯ ಮಿತಿ, ಅಂದರೆ ಒಬ್ಬರು, ಅವರ ಗಂಡ ಅಥವಾ ಹೆಂಡತಿ, ಚಿಕ್ಕ ಮಕ್ಕಳು ಸೇರಿ ಒಂದು ಕಂಪನಿಯಲ್ಲಿ ಎಷ್ಟು ಷೇರು ಇಟ್ಟುಕೊಂಡರೆ ಅದರಲ್ಲಿ ಅವರ ಸ್ವಂತ ಲಾಭ ಇದೆ ಅಂತ ಹಿಡಿಯಬೇಕು ಅನ್ನೋದು. (ಕಂಪನಿಯ ಬಂಡವಾಳದ ಶೇ 10 ಈ 2 ಕೋಟಿಗಿಂತ ಕಡಿಮೆಯಾದರೆ ಆ ಶೇ 10 ಮಿತಿ.) 1968ರ 5 ಲಕ್ಷ ಈಗ ಯಾವ ಲೆಕ್ಕ, ಏರಿಸಿದ್ದು ಸರಿಯೇ. ಠೇವಣಿ ವಿಮೆ, ಅಂದರೆ ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ಸಿಗುವ ಹಣದ ಮಿತಿ, 2020ರ ಫೆಬ್ರವರಿಯಿಂದ 5 ಲಕ್ಷ, ಅಸಲು ಬಡ್ಡಿ ಎರಡೂ ಸೇರಿ. ಪತ್ತಿನ ಸಹಕಾರ ಸಂಘದಲ್ಲಿ ಇಟ್ಟ ದುಡ್ಡಿಗೆ ಅದೂ ಇಲ್ಲ, ಹಾಗಾಗಿ ಪಾಸ್‌ಬುಕ್ ಮೇಲೆ ಬ್ಯಾಂಕ್ ಅಂತಿದೆಯೋ ಸಂಘ ಅಂತಿದೆಯೋ ಮೊದಲು ನೋಡಿ.