ಹೆಸರಿಗೆ ತಾಡಪತ್ರಿ, ತೊಗರಿಗೆ ಔಷಧ

ಆಳಂದ ತಾಲ್ಲೂಕಿನ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಅವರ ಪತ್ರದ ಸಾರ ಇಷ್ಟು: “ಆಗಸ್ಟ್‌ನಲ್ಲಿ ಹೆಸರು ಕೊಯ್ದು ಹೊಲದಲ್ಲೇ ಹರವಿದ್ದೆ. ಮೊಬೈಲಿಗೆ ‘ಒಂದೆರಡು ಕಡೆ ಹಗುರ ಮಳೆ’ ಅಂತ ಸಂದೇಶ ಬಂತು. ಹಗುರ ತಾನೆ ಅಂತ ಸುಮ್ನೆ ಬಿಟ್ಟೆ. ಆ ರಾತ್ರಿ ಹೊಡೆದ ಮಳೆಗೆ ಕಾಯಿಯೊಳಗೇ ಮೊಳಕೆ ಒಡೆಯಿತು. ನವೆಂಬರ್‌ನಲ್ಲಿ ತೊಗರಿಗೆ ಕೀಡಿ (ಕಾಯಿಕೊರಕ ಹುಳ) ಬಿತ್ತು. ‘ಕೆಲವು ಕಡೆ ಮಳೆ, ಸಿಂಪರಣೆ ಮುಂದೂಡಿ’ ಅಂದರು. ಮುಂದೂಡಿದೆ. ಒಂದು ಹನಿ ಬೀಳಲಿಲ್ಲ, ಕೀಡಿ ಮಾತ್ರ ದಪ್ಪ ಆದವು. ನಿಮ್ಮ ಹವಾಮಾನ ಪುಟ ತೆಗೆದುಹಾಕಿ, ಮಳೆ ನಕ್ಷತ್ರಗಳ ಪಟ್ಟಿ ಹಾಕಿ. ನಮ್ಮಜ್ಜ ಅದನ್ನೇ ನೋಡಿ ಒಕ್ಕಲುತನ ಮಾಡಿದ. ಇನ್ನೊಂದು, ಹೆಸರಿಗೆ ವಿಮೆ ಕಟ್ಟಿದ್ದೆ. ಅದರಿಂದಲೂ ಏನೂ ಬರಲಿಲ್ಲ, ಯಾಕೆ?”

ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಆದರೆ ಅದರಲ್ಲಿ ಅರ್ಧ ಪಾಲು ಮುನ್ಸೂಚನೆಗೆ ಸೇರಬೇಕು, ಇನ್ನರ್ಧ ಅದನ್ನು ನಿಮಗೆ ತಲುಪಿಸಿದ ರೀತಿಗೆ. ಎರಡನ್ನೂ ಬಿಡಿಸಿ ನೋಡೋಣ.

ಮೊದಲು ಹೆಸರಿನ ವಿಷಯ. ಹವಾಮಾನ ಇಲಾಖೆ ‘ಒಂದೆರಡು ಕಡೆ’ ಅಂದರೆ ಅದಕ್ಕೊಂದು ಅಳತೆ ಇದೆ. ಜಿಲ್ಲೆಯ ಮಳೆ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆ ಆಗಬಹುದು ಅಂತ ಲೆಕ್ಕ. ‘ಕೆಲವು ಕಡೆ’ ಅಂದರೆ ಶೇ 26ರಿಂದ 50, ‘ಹಲವು ಕಡೆ’ ಅಂದರೆ ಶೇ 51ರಿಂದ 75. ಅದಕ್ಕಿಂತ ಮೇಲಿದ್ದರೆ ‘ಬಹುತೇಕ ಕಡೆ’. ಮಳೆಯ ಪ್ರಮಾಣಕ್ಕೂ ಹೀಗೇ ಅಳತೆ ಇದೆ. ದಿನಕ್ಕೆ 15.5 ಮಿ.ಮೀ.ವರೆಗೆ ಹಗುರ, 64.4ರವರೆಗೆ ಸಾಧಾರಣ, 64.5 ದಾಟಿದರೆ ಭಾರಿ. ‘ಸಾಧಾರಣ ಮಳೆ’ ಅಂದಾಗ ಅದು 16 ಮಿ.ಮೀ. ಇರಬಹುದು, 60 ಕೂಡ ಇರಬಹುದು. ನಮ್ಮ ಎರೆ ಹೊಲದಲ್ಲಿ 16ಕ್ಕೂ 60ಕ್ಕೂ ಎಷ್ಟು ವ್ಯತ್ಯಾಸ ಅಂತ ನಿಮಗೆ ನಾನು ಹೇಳಬೇಕಾ? ಒಂದಕ್ಕೆ ತೊಗರಿ ನಗುತ್ತೆ, ಇನ್ನೊಂದಕ್ಕೆ ನೀರು ನಿಂತು ಬುಡ ಕೊಳೆಯುತ್ತೆ.

ಕಲಬುರಗಿ ಜಿಲ್ಲೆ ಸುಮಾರು 11 ಸಾವಿರ ಚದರ ಕಿ.ಮೀ. ಇದೆ. ಆಳಂದದಿಂದ ಚಿಂಚೋಳಿಗೆ ನೂರು ಕಿ.ಮೀ.ಗೂ ಜಾಸ್ತಿ. ಜಿಲ್ಲೆಗೆ ಒಂದೇ ಸಾಲಿನ ಮುನ್ಸೂಚನೆ ಬಂದರೆ ಅದು ಯಾರ ಹೊಲಕ್ಕೂ ಪೂರ್ತಿ ಹೊಂದುವುದಿಲ್ಲ. ಇನ್ನೊಂದು ಸಣ್ಣ ವಿಷಯ ಯಾರೂ ಹೇಳುವುದಿಲ್ಲ. ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತೆ. ‘ಸೋಮವಾರ ಮಳೆ’ ಅಂದರೆ ಮಂಗಳವಾರ ನಸುಕಿನಲ್ಲಿ ಬೀಳುವ ಮಳೆಯೂ ಅದರಲ್ಲೇ ಸೇರಿದೆ. ಸೋಮವಾರ ಸಂಜೆ ಆಕಾಶ ನೋಡಿ, ಇವತ್ತು ಬರಲಿಲ್ಲ, ಸುಳ್ಳಾಯಿತು ಅಂತ ತಾಡಪತ್ರಿ ಮಡಚಿಟ್ಟವರನ್ನು ನಾನು ಬಹಳ ಕಂಡಿದ್ದೇನೆ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಕೊಯ್ದ ಹೆಸರು ನೆಲದ ಮೇಲಿದೆ. ಮಳೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಅಂತಲೇ ಇಟ್ಟುಕೊಳ್ಳಿ. ಗುಡ್ಡೆ ಹಾಕಿ ತಾಡಪತ್ರಿ ಮುಚ್ಚಿದರೆ ಹೋಗುವುದು ಅರ್ಧ ದಿನದ ಕೂಲಿ. ಮುಚ್ಚದೆ ಬಿಟ್ಟು ಮಳೆ ಬಂದರೆ ಹೋಗುವುದು ಇಡೀ ರಾಶಿ. ಹೆಸರು ಒಮ್ಮೆ ನೆನೆದರೆ ಮುಗಿಯಿತು, ಕಾಳು ಕಪ್ಪಾಗುತ್ತೆ, ಮೊಳೆಯುತ್ತೆ, ಅಡತಿಯಲ್ಲಿ ಕೈಯಿಂದಲೂ ಮುಟ್ಟುವುದಿಲ್ಲ. ಹಾಗಾಗಿ ಕೊಯ್ದ ಹೆಸರಿಗೆ ‘ಒಂದೆರಡು ಕಡೆ’ ಅನ್ನುವುದೇ ಸಾಕಷ್ಟು ದೊಡ್ಡ ಎಚ್ಚರಿಕೆ.

ತೊಗರಿ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಮೊಟ್ಟೆಯೊಡೆದ ಕೀಡಿ ಮೊದಲು ಹೂವು, ಎಳೆ ಕಾಯಿ ಕೆರೆದು ತಿನ್ನುತ್ತೆ. ಆಗ ಅದು ಮೆತ್ತಗೆ, ಔಷಧಕ್ಕೆ ಬೇಗ ಸಾಯುತ್ತೆ. ನಾಲ್ಕೈದು ದಿನ ಬಿಟ್ಟರೆ ಕಾಯಿಗೆ ತೂತು ಕೊರೆದು ತಲೆ ಒಳಗೆ, ಮೈ ಹೊರಗೆ ಮಾಡಿಕೊಂಡು ಕೂತುಬಿಡುತ್ತೆ. ಆಮೇಲೆ ಎಷ್ಟು ಹೊಡೆದರೂ ಅಷ್ಟಕ್ಕಷ್ಟೆ. ಮಳೆ ಬಂದು ಔಷಧ ತೊಳೆದುಹೋದರೆ ನಷ್ಟ ಒಂದು ಸಿಂಪರಣೆಯದು. ತಡ ಮಾಡಿದರೆ ನಷ್ಟ ಫಸಲಿನದು. ‘ಕೆಲವು ಕಡೆ’ ಅಂದಾಗ ನಿಮ್ಮ ಹೊಲದಲ್ಲಿ ಮಳೆ ಬಾರದಿರುವ ಸಾಧ್ಯತೆಯೇ ಜಾಸ್ತಿ. ಗಾಳಿ ಇಲ್ಲದ, ನಾಲ್ಕೈದು ಗಂಟೆ ಬಿಸಿಲು ಸಿಗುವ ಬೆಳಿಗ್ಗೆ ನೋಡಿ ಹೊಡೆಯುವುದೇ ಸರಿ ಇತ್ತು. ಮುಂದೂಡಿ ಅಂತ ನಿಮಗೆ ಹೇಳಿದವರು ತೊಗರಿ ಯಾವ ಹಂತದಲ್ಲಿದೆ, ಕೀಡಿ ಎಷ್ಟು ದೊಡ್ಡದು ಅಂತ ಕೇಳಲೇ ಇಲ್ಲ. ಮಳೆ ಅಂದ ಕೂಡಲೇ ‘ಸಿಂಪರಣೆ ಮುಂದೂಡಿ’ ಅಂತ ಎಲ್ಲ ಬೆಳೆಗೂ ಒಂದೇ ಸಾಲು ಅಂಟಿಸುವ ಈ ಚಾಳಿ ಬಗ್ಗೆ ನನಗೂ ನಿಮ್ಮಷ್ಟೇ ಸಿಟ್ಟಿದೆ.

ಮೋಡ ದಟ್ಟವಾಗಿ, ಔಷಧ ಹೊಡೆಯಲು ಧೈರ್ಯವೇ ಬರದಿದ್ದರೆ ಇನ್ನೊಂದು ದಾರಿ ಇದೆ. 1990ರ ದಶಕದ ಕೊನೆಯಲ್ಲಿ ಕೀಡಿ ಕಾಟ ಮಿತಿ ಮೀರಿದಾಗ ನಮ್ಮ ಜಿಲ್ಲೆಯ ರೈತರೇ ಮಾಡಿದ್ದು. ಗಿಡದ ಬುಡಕ್ಕೆ ತಾಡಪತ್ರಿ ಹಾಸಿ, ಗಿಡವನ್ನು ಮೆಲ್ಲಗೆ ಬಗ್ಗಿಸಿ ಅಲ್ಲಾಡಿಸುವುದು. ಕೀಡಿ ಪಟಪಟ ಉದುರುತ್ತವೆ. ಬಳಿದು ಕೋಳಿಗೆ ಹಾಕಿದರಾಯಿತು. ಆಳು ಬೇಕು, ನಿಜ. ಮಳೆಗೂ ಇದಕ್ಕೂ ಮಾತ್ರ ಸಂಬಂಧವಿಲ್ಲ.

ಇನ್ನು ನಿಮ್ಮಜ್ಜನ ಪಟ್ಟಿ. ಮಿರ್ಗ, ಅಂದರೆ ಮೃಗಶಿರಾ ಮಳೆ, ಕೂಡುವುದು ಜೂನ್ 7-8ಕ್ಕೆ. ಒಂದೊಂದು ಮಳೆಗೆ 13-14 ದಿನ. ಸೂರ್ಯನ ಲೆಕ್ಕವಾದ್ದರಿಂದ ಇಂಗ್ಲಿಷ್ ತಾರೀಖಿನಲ್ಲಿ ಅದು ಹೆಚ್ಚು ಕಡಿಮೆ ಪ್ರತಿ ವರ್ಷ ಒಂದೇ. ಸಾಮಾನ್ಯವಾಗಿ ಯಾವಾಗ ಯಾವ ಮಳೆ ಅಂತ ಅದು ಚೆನ್ನಾಗಿ ಹೇಳುತ್ತೆ. ಉತ್ತರೆ ಮಳೆಯನ್ನು ನಮ್ಮ ಹಿರಿಯರು ಅಷ್ಟು ನೆಚ್ಚಿದ್ದಕ್ಕೂ ಕಾರಣವಿದೆ, ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್‌ನಲ್ಲೇ. ಆದರೆ ಈ ವರ್ಷ ಏನಾಗುತ್ತೆ ಅನ್ನುವುದು ಅದರಲ್ಲಿ ಇರಲು ಸಾಧ್ಯವಿಲ್ಲ. 2025ನ್ನು ನೆನಪಿಸಿಕೊಳ್ಳಿ. ಜೂನ್ 1ಕ್ಕೆ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂತು, ಎರಡು ದಿನದಲ್ಲಿ ಮುಂಬೈ ಮುಟ್ಟಿತು. ಆಮೇಲೆ ಜೂನ್ ಮಧ್ಯದವರೆಗೆ ಅಲ್ಲೇ ನಿಂತುಬಿಟ್ಟಿತು. ಮೇ ತಿಂಗಳ ಹಸಿ ನಂಬಿ ಬಿತ್ತಿದವರು ಆ ಎರಡು ವಾರ ಆಕಾಶ ನೋಡಬೇಕಾಯಿತು. ಆ ವರ್ಷ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಎಐ ಬಳಸಿ ಮಾಡಿದ ಮುಂಗಾರು ಮುನ್ಸೂಚನೆಯನ್ನು ಎಸ್ಸೆಮ್ಮೆಸ್ ಮಾಡಲಾಗಿತ್ತು. ಮಳೆ ನಡುವೆ ನಿಲ್ಲುವುದನ್ನೂ ಅದು ಮೊದಲೇ ಹೇಳಿತ್ತು ಅಂತ ಕೃಷಿ ಸಚಿವಾಲಯ ಹೇಳಿಕೊಂಡಿದೆ. ಇಂಥದ್ದು ಯಾವ ಪಂಚಾಂಗದಿಂದಲೂ ಸಿಗುವುದಿಲ್ಲ.

ನಿಮ್ಮಜ್ಜ ಕೂಡ ಮಿರ್ಗ ಕೂಡಿತು ಅಂತ ಅದೇ ದಿನ ಕೂರಿಗೆ ಹೂಡಿರಲಿಕ್ಕಿಲ್ಲ. ಹೊಲಕ್ಕೆ ಹೋಗಿ, ಗೇಣು ಆಳ ಅಗೆದು, ಮಣ್ಣು ಹಿಡಿಯಲ್ಲಿ ಒತ್ತಿ ನೋಡಿರುತ್ತಾನೆ. ಉಂಡೆಯಾದರೆ ಹಸಿ ಇದೆ, ಪುಡಿಯಾದರೆ ಇಲ್ಲ. ಬೀದರ್ ಕಡೆ ಸೋಯಾ ಬಿತ್ತುವವರಿಗೆ ‘75ರಿಂದ 100 ಮಿ.ಮೀ. ಆಗುವವರೆಗೆ ಕಾಯಿರಿ’ ಅಂತ ಕೃಷಿ ತಜ್ಞರು ಹೇಳುವುದೂ ಅದನ್ನೇ, ಅಂಕಿಯಲ್ಲಿ ಹೇಳುತ್ತಾರೆ ಅಷ್ಟೆ.

ಏಪ್ರಿಲ್‌ನಲ್ಲಿ ಟೀವಿಯವರು ಕೂಗುವ ‘ಈ ವರ್ಷ ವಾಡಿಕೆ ಮಳೆ’ ಅನ್ನುವುದನ್ನು ಮಾತ್ರ ಬಿತ್ತನೆಗೆ ಬಳಸಬೇಡಿ. ಅದು ಇಡೀ ದೇಶದ ಸರಾಸರಿ, 87 ಸೆಂ.ಮೀ. ಲೆಕ್ಕದ್ದು. 2023ರಲ್ಲಿ ದೇಶಕ್ಕೆ ವಾಡಿಕೆಯ ಶೇ 94ರಷ್ಟು ಮಳೆಯಾಯಿತು. ಆದರೆ ಆ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ನಮ್ಮ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು.

ಹಾಗಾದರೆ ಯಾವುದನ್ನು ನೋಡಬೇಕು? ಮಂಗಳವಾರ ಮತ್ತು ಶುಕ್ರವಾರ ಬರುವ ಐದು ದಿನದ ಕೃಷಿ ಹವಾಮಾನ ವರದಿ ನೋಡಿ. ‘ಮೇಘದೂತ್’ ಆ್ಯಪಿನಲ್ಲಿ ಕನ್ನಡದಲ್ಲೇ ಸಿಗುತ್ತೆ. ಅದರಲ್ಲಿ ಮೊದಲ ಎರಡು ದಿನಕ್ಕೆ ಜಾಸ್ತಿ ಬೆಲೆ ಕೊಡಿ, ಕೊನೆಯ ಎರಡಕ್ಕೆ ಕಡಿಮೆ. ಅದಕ್ಕಿಂತ ಮುಖ್ಯವಾದದ್ದು ನಿಮ್ಮೂರಿನದೇ ಮಳೆ ಲೆಕ್ಕ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ, 15 ನಿಮಿಷಕ್ಕೊಮ್ಮೆ ಅಂಕಿ ಹೋಗುತ್ತೆ. ಅವರ ‘ವರುಣ ಮಿತ್ರ’ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕೇಳಬಹುದು. ಈ ಸೌಲಭ್ಯ ಬಹಳ ರಾಜ್ಯಗಳಲ್ಲಿ ಇಲ್ಲ, ನಾವು ಬಳಸುವುದೇ ಇಲ್ಲ. ಅದೂ ಬೇಡವೆಂದರೆ ನೆಟ್ಟಗಿನ ಗೋಡೆಯ ಒಂದು ಡಬ್ಬಿಯನ್ನು ಹೊಲದ ಬಯಲಲ್ಲಿಟ್ಟು, ಬೆಳಿಗ್ಗೆ ಸ್ಕೇಲು ಅದ್ದಿ ಬರೆದಿಡಿ. 25 ಮಿ.ಮೀ. ಅಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು ಬಿತ್ತು ಅಂತ. ಮುಂದಿನ ‘ಭಾರಿ ಮಳೆ’ ಎಚ್ಚರಿಕೆಗೆ ಮುಂಚೆ ಹೊಲದಲ್ಲಿ ಎಷ್ಟು ಹಸಿ ಇದೆ ಅಂತ ಗೊತ್ತಿದ್ದರೆ, ಬಸಿಗಾಲುವೆ ತೆಗೆಯಬೇಕೋ ಬೇಡವೋ ಅಂತ ನೀವೇ ಹೇಳಬಹುದು. ನೀರು ನಿಂತ ತೊಗರಿಗೆ ಗಿಡವನ್ನೇ ಒಣಗಿಸುವ ನೆಟೆ ರೋಗ ಹೇಗೆ ಬೆನ್ನು ಹತ್ತಿತು ಅಂತ 2022ರಲ್ಲಿ ಜಿಲ್ಲೆಯೆಲ್ಲ ನೋಡಿತು.

ಭೀಮೆಯ ದಂಡೆಯವರಿಗೆ ಒಂದು ಮಾತು. ಅಫಜಲಪುರ, ಜೇವರ್ಗಿ, ಶಹಾಪುರ ಕಡೆಯವರು ತಮ್ಮ ಜಿಲ್ಲೆಯ ಮುನ್ಸೂಚನೆಯೊಂದನ್ನೇ ನೋಡಿದರೆ ಸಾಲದು. ಇಲ್ಲಿ ಬಿಸಿಲಿದ್ದರೂ ಪುಣೆ, ಸೊಲ್ಲಾಪುರ ಕಡೆ ಮಳೆ ಸುರಿದು ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಬರುತ್ತೆ. 2020ರ ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡ ಹತ್ತಿರ ದಡ ಹತ್ತಿ, ತೆಲಂಗಾಣ ದಾಟಿ ನಮ್ಮ ಮೇಲೇ ಹಾದು ಮಹಾರಾಷ್ಟ್ರಕ್ಕೆ ಹೋಯಿತು. ಮೊದಲು ಮಳೆ, ಬೆನ್ನಿಗೇ ಹೊಳೆ, ಎರಡೂ ಆದವು. ಉಜನಿಯ ಹೊರಹರಿವಿನ ಸುದ್ದಿ ಕೇಳಿದ ದಿನವೇ ದಂಡೆಯ ಮೋಟಾರು ಮೇಲೆತ್ತಿ.

ಹವಾಮಾನ ಪುಟ ನಾವು ತೆಗೆಯುವುದಿಲ್ಲ. ಆದರೆ ಮುಂದಿನ ಸಂಚಿಕೆಯಿಂದ ಅದನ್ನು ಬೆಳೆಯ ಹಂತದ ಪ್ರಕಾರ ಬರೆಸುತ್ತೇವೆ. ಕೊಯ್ದವರಿಗೆ ಬೇರೆ, ಹೂ ಬಿಟ್ಟ ತೊಗರಿಯವರಿಗೆ ಬೇರೆ. ಮಳೆ ನಕ್ಷತ್ರಗಳ ಪಟ್ಟಿಯನ್ನೂ ಅದರ ಪಕ್ಕದಲ್ಲೇ ಹಾಕುತ್ತೇವೆ. ಅದರ ಮೇಲೆ ನನಗೇನೂ ಹಟವಿಲ್ಲ.

ವಿಮೆಯ ಪ್ರಶ್ನೆಗೆ: ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ದು ಹೊಲದಲ್ಲಿ ಒಣಗಲು ಹರವಿದ ಬೆಳೆಗೆ 14 ದಿನದವರೆಗೆ ರಕ್ಷಣೆ ಇದೆ. ಆದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಿರಬೇಕು. ವಿಮಾ ಕಂಪನಿಗೆ, ಬ್ಯಾಂಕಿಗೆ, ಕೃಷಿ ಇಲಾಖೆಗೆ ಅಥವಾ 14447ಕ್ಕೆ ತಿಳಿಸಬಹುದು. ನೀವು ಯಾರಿಗೆ, ಯಾವತ್ತು ತಿಳಿಸಿದಿರಿ ಅಂತ ಪತ್ರದಲ್ಲಿ ಬರೆದಿಲ್ಲ. ಇನ್ನೊಂದು ತೊಡಕೂ ಇದೆ. ನಿಯಮದಲ್ಲಿರುವುದು ‘ಅಕಾಲಿಕ ಮಳೆ’, ಆಗಸ್ಟ್ ಮಳೆ ಅಕಾಲಿಕ ಹೇಗಾಗುತ್ತೆ ಅಂತ ಅವರು ತಕರಾರು ತೆಗೆಯಬಹುದು. ದೂರು ಕೊಟ್ಟ ಸಂಖ್ಯೆ, ಹೊಲದ ಫೋಟೊ, ಆ ರಾತ್ರಿ ನಿಮ್ಮ ಪಂಚಾಯಿತಿಯಲ್ಲಿ ಬಿದ್ದ ಮಳೆಯ ಅಂಕಿ, ಈ ಮೂರನ್ನೂ ಕಳಿಸಿ. ಮುಂದೇನು ಮಾಡಬಹುದು ಅಂತ ನೋಡಿ ತಿಳಿಸುತ್ತೇವೆ.

— ಸಂಪಾದಕ