ಫ್ಲೋರಿಡಾದಲ್ಲಿ ರಾತ್ರಿ ಸೇತುವೆ ಮೇಲಿಂದ ಸೀಗಡಿ ಹಿಡಿಯಲು ಯಾವ ಬಲೆ ಒಳ್ಳೆಯದು?

ಚಳಿಗಾಲದ ರಾತ್ರಿ ಜನ ಸೇತುವೆಯಿಂದ ಲೈಟ್ ಇಳಿಬಿಟ್ಟು ಸೀಗಡಿ ಹಿಡಿಯುವುದನ್ನು ನೋಡಿ, ನಾನೂ ಹೋಗಬೇಕು, ಯಾವ ಬಲೆ ಕೊಳ್ಳಲಿ ಅಂತ ಕೇಳಿದ್ದೀರಿ. ಬಲೆ ಆಮೇಲೆ ನೋಡೋಣ. ಮೊದಲು ನೀರು ಇಳಿಯುವ ಹೊತ್ತು ತಿಳಿದುಕೊಳ್ಳಿ.

ನಾನು ಕುಮಟಾ ಕಡೆಯವನು, ಈಗ ಸ್ಟುವರ್ಟ್ ಹತ್ತಿರ ಇದ್ದೇನೆ, ಸೇಂಟ್ ಲೂಸಿ ನದಿ ಸಮುದ್ರ ಸೇರುವ ಜಾಗ. ಮೊದಲ ಸಲ ಹೋದಾಗ ಉಬ್ಬರದಲ್ಲಿ ಮೂರು ಗಂಟೆ ನಿಂತೆ, ಸಿಕ್ಕಿದ್ದು ಏಳು. ಪಕ್ಕದಲ್ಲಿದ್ದ ಅಜ್ಜ ಒಬ್ಬರು ನೀರು ತಿರುಗುವವರೆಗೆ ಕಾಯಿ ಅಂದರು. ಕಾದೆ. ನೀರು ಹೊರಗೆ ಹರಿಯಲು ಶುರುವಾಗಿ ಅರ್ಧ ಗಂಟೆಗೆ ಲೈಟಿನ ಕೆಳಗೆ ಕೆಂಡದ ಕಿಡಿಗಳ ಹಾಗೆ ಕಣ್ಣುಗಳು ಹೊಳೆಯುತ್ತಾ ತೇಲಿ ಬಂದವು!

ಸೀಗಡಿ ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿಗಳು ನದಿಯೊಳಗೆ ಬಂದು ಬೆಳೆದು, ದೊಡ್ಡವಾದ ಮೇಲೆ ರಾತ್ರಿ ಇಳಿತದ ಜೊತೆ ವಾಪಸ್ ಹೊರಡುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜೋರು, ಆಗ ಜಾಸ್ತಿ. ನಮ್ಮೂರ ಅಘನಾಶಿನಿ ನದಿಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ಗದ್ದೆಗಳು) ನೀರು ಬಿಡುವ ಬಾಗಿಲಿಗೆ ಬಲೆ ಕಟ್ಟಿ ಶೆಟ್ಲಿ, ಅಂದರೆ ಸೀಗಡಿ, ಹಿಡಿಯುವುದೂ ಇದೇ ಲೆಕ್ಕದ ಮೇಲೆ ಅಲ್ವಾ. ಅಷ್ಟು ದೂರ ಬಂದು ಅದೇ ಲೆಕ್ಕ ಕಂಡಾಗ ನನಗೆ ತುಂಬಾ ಖುಷಿಯಾಯಿತು. ಒಂದು ಮಾತು, ಉಬ್ಬರ ಇಳಿತದ ಪಟ್ಟಿಯಲ್ಲಿ ಅಳಿವೆ ಬಾಯಿಯ ಹೊತ್ತು ಕೊಟ್ಟಿದ್ದರೆ, ನದಿಯ ಒಳಗಿನ ಸೇತುವೆ ಹತ್ತಿರ ನೀರು ತಿರುಗುವುದು ಅದಕ್ಕಿಂತ ತಡ.

ಈಗ ಬಲೆ. ಸೇತುವೆ ತಗ್ಗಿದ್ದರೆ ಉದ್ದ ಕೋಲಿನ ಕೈಬಲೆ ಸಾಕು, ನೀರು ನಿಮ್ಮ ಕಡೆಗೆ ಹರಿದು ಬರುವ ಬದಿಯಲ್ಲಿ ನಿಂತರೆ ಬರುವುದು ಮೊದಲೇ ಕಾಣುತ್ತದೆ. ಎತ್ತರದ ಸೇತುವೆಯಾದರೆ ಚೌಕಟ್ಟಿನ ಬಲೆಯನ್ನು ಹಗ್ಗದಲ್ಲಿ ಇಳಿಸಬೇಕು, ಆಗ ನೀರು ಹರಿದು ಹೋಗುವ ಆಚೆ ಬದಿ ನಿಲ್ಲಿ, ಸೆಳೆತವೇ ಬಲೆಯ ಚೀಲವನ್ನು ಬಿಡಿಸಿ ಹಿಡಿಯುತ್ತದೆ. ಕೈಬಲೆಯ ಬಾಯಿ ಸುತ್ತಳತೆ 96 ಇಂಚು, ಚೌಕಟ್ಟಿನದು 16 ಅಡಿ ಮೀರಬಾರದು. ದಿನಕ್ಕೆ ಒಬ್ಬರು ಹಿಡಿಯಬಹುದಾದ ಸೀಗಡಿ ತಲೆ ಸಮೇತ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಬಕೆಟ್ ಒಂದು. ಲೈಸೆನ್ಸ್ ಇಲ್ಲದೆ ಹೋಗಬೇಡಿ. ಕೆಲವು ಸೇತುವೆಗಳ ಮೇಲೆ ನಿಲ್ಲುವುದಕ್ಕೇ ಬಿಡುವುದಿಲ್ಲ, ಬೋರ್ಡ್ ನೋಡಿ.

ಐಸ್ ಪೆಟ್ಟಿಗೆ, ಕೈಗವಸು (ತಲೆಯ ಮುಳ್ಳು ಚುಚ್ಚಿದರೆ ಎರಡು ದಿನ ನೋವು), ದಪ್ಪ ಜಾಕೆಟ್ ತನ್ನಿ. ಮಕ್ಕಳನ್ನು ಕರೆದುಕೊಂಡು ಬಂದರೆ ಕಟ್ಟೆ ಹತ್ತಿರ ಒಂಟಿಯಾಗಿ ಬಿಡಲೇಬೇಡಿ. ಸಣ್ಣವು ಸಿಕ್ಕರೆ ದಯವಿಟ್ಟು ವಾಪಸ್ ಬಿಡಿ, ಅವು ಇನ್ನೂ ಸಮುದ್ರಕ್ಕೆ ವಾಪಸ್ ಹೋಗುವಷ್ಟು ಬೆಳೆದಿರುವುದಿಲ್ಲ.

ಇದೆಲ್ಲ ಸ್ಟುವರ್ಟ್ ಕಡೆಯ ಮಾತು, ಇಲ್ಲಿ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ನೀವು ಜಾಕ್ಸನ್‌ವಿಲ್ ಕಡೆ ಇದ್ದರೆ ಏಪ್ರಿಲ್, ಮೇ ಎರಡೂ ತಿಂಗಳು ಹಿಡಿಯುವ ಹಾಗಿಲ್ಲ. ಯಾವ ಊರು ಅಂತ ಹೇಳಿ, ಹೋಗಬಹುದಾದ ರಾತ್ರಿಗಳನ್ನು ಲೆಕ್ಕ ಹಾಕಿ ಬರೆಯುತ್ತೇನೆ.